ಹುಲಿಮುಖದ ರಕ್ಕಸನಿಗೆ ಜನಕ ಯಾರು?

ಹುಲಿಯ ತಲೆ. ಮೈಮೇಲೆ ಹಣವಂತರ ಮನೆಯ ಯಜಮಾನರು ಊಟವಾದ ಮೇಲೆ ತೊಡುವಂಥ ಗತ್ತಿನ ನಿಲುವಂಗಿ. ಕೈಯಲ್ಲೊಂದು ಪೈಪು. ಮುಖದಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನ. ಎದುರಿಗಿದ್ದವನನ್ನು ತಿನ್ನುವುದು ಹೇಗೂ ಖಚಿತ, ಅವಸರವೇಕೆ ಎಂಬ ಸಮಾಧಾನ. ಕಪ್ಪು ಮಸಿಯಲ್ಲಿ ಬರೆದ ಈ ಪುಟ್ಟ ಚಿತ್ರದ ಜೊತೆಗೆ ಅಚ್ಚಾಗಿರುವ ಹೆಸರನ್ನು ಓದಿದರೆ ಕನ್ನಡಿಗರು ಒಮ್ಮೆ ಕಣ್ಣುಜ್ಜಿಕೊಳ್ಳಬೇಕು: ರಾಕ್ಷಸ!

ಹೌದು, ರಾಮಾಯಣ, ಮಹಾಭಾರತಗಳ ಅದೇ ರಾಕ್ಷಸ. ಆದರೆ ಈತ ನೆಲೆಸಿರುವುದು ಲಂಕೆಯಲ್ಲೂ ಅಲ್ಲ, ದಂಡಕಾರಣ್ಯದಲ್ಲೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಪ್ರಕಾಶಕರು 1977ರಲ್ಲಿ ಹೊರತಂದ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಎಂಬ ಪುಸ್ತಕದಲ್ಲಿ. ಪುಸ್ತಕಕ್ಕೆ ‘ಭೂತ ಪ್ರೇತಗಳ ಕೈಪಿಡಿ’ ಎಂದು ಹೆಸರಿಟ್ಟರೆ ತಪ್ಪಾಗಲಾರದು. ಅದರಲ್ಲಿ 350ಕ್ಕೂ ಹೆಚ್ಚು ವಿಕಾರ ಜೀವಿಗಳ ವಿವರಗಳಿವೆ, ಅವುಗಳಲ್ಲಿ ಅನೇಕಕ್ಕೆ ಚಿತ್ರಗಳೂ ಇವೆ. ನಮ್ಮ ರಕ್ಕಸ ಅಲ್ಲಿಗೆ ಹೋದದ್ದು ಹೇಗೆ? ಅವನಿಗೆ ಹುಲಿಯ ತಲೆ ಕೊಟ್ಟವರು ಯಾರು? ಈ ಜಾಡು ಹಿಡಿದು ಹೊರಟರೆ ದಾರಿಯಲ್ಲಿ ಸಿಗುವವರು ಒಬ್ಬಿಬ್ಬರಲ್ಲ. ಕೆಲಸ ಕಳೆದುಕೊಂಡ ಒಬ್ಬ ವಿಮಾ ನೌಕರ, ಅಗ್ಗದ ಕಥಾ ಪತ್ರಿಕೆಗಳಿಗೆ ಬರೆಯುತ್ತಿದ್ದ ಹಲವು ಲೇಖಕರು, ಒಂದು ಟಿವಿ ಧಾರಾವಾಹಿ, ಒಂದು ಚೀಲ ಪ್ಲಾಸ್ಟಿಕ್ ಆಟಿಕೆ, ಕೊನೆಗೆ ಒಬ್ಬ ಟ್ಯಾಕ್ಸಿ ಚಾಲಕ.

ಮೇಜಿನ ಸುತ್ತಲ ಮಾಯಾಲೋಕ

ವಿಮಾ ನೌಕರನ ಹೆಸರು ಗ್ಯಾರಿ ಗೈಗ್ಯಾಕ್ಸ್. 1938ರಲ್ಲಿ ಷಿಕಾಗೋದಲ್ಲಿ ಹುಟ್ಟಿದವರು. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದಿದ್ದ ತಂದೆ ರಾತ್ರಿ ಹೊತ್ತು ಮಗನಿಗೆ ಮಾಯದ ಉಂಗುರ, ಮಂತ್ರದ ಕತ್ತಿ, ವರ ಕೊಡುವ ಮುದುಕರ ಕಥೆಗಳನ್ನು ಹೇಳುತ್ತಿದ್ದರಂತೆ. ಕಥೆ ಕೇಳಿದ ಹುಡುಗ ಕಥೆ ಓದುವ ಹುಡುಗನಾದ. ಓದಿದ್ದು ದೊಡ್ಡ ಸಾಹಿತ್ಯವೇನಲ್ಲ. ಬಣ್ಣಬಣ್ಣದ ಮುಖಪುಟದ, ಮುಟ್ಟಿದರೆ ಪುಡಿಯಾಗುವ ಕಾಗದದ ಅದ್ಭುತ ಕಥೆಗಳು, ವೈಜ್ಞಾನಿಕ ಕಥೆಗಳು. ಓದುವುದನ್ನು ಬಿಟ್ಟರೆ ಅವರಿಗಿದ್ದ ಇನ್ನೊಂದು ಹುಚ್ಚು, ಮೇಜಿನ ಮೇಲೆ ಸೈನಿಕರ ಗೊಂಬೆಗಳನ್ನಿಟ್ಟು ಯುದ್ಧದ ಆಟ ಆಡುವುದು.

1970ರಲ್ಲಿ ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡರು. ಮಕ್ಕಳೊಂದಿಗರ ಸಂಸಾರ. ಮನೆಯಲ್ಲೇ ಚಪ್ಪಲಿ, ಬೂಟು ರಿಪೇರಿ ಮಾಡುತ್ತ, ಉಳಿದ ಹೊತ್ತಿನಲ್ಲಿ ಟೈಪ್‌ರೈಟರ್ ಮುಂದೆ ಕೂರುತ್ತಿದ್ದರು. ಮಿನೆಸೋಟಾದ ಡೇವ್ ಆರ್ನೆಸನ್ ಎಂಬ ತರುಣನೊಡನೆ ಸೇರಿ ಅವರು ರೂಪಿಸಿದ ಹೊಸ ಆಟವೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅದು ಹೊರಬಂದಾಗ ಮೂರು ಸಣ್ಣ ಪುಸ್ತಿಕೆಗಳನ್ನಿಟ್ಟ ಒಂದು ಪೆಟ್ಟಿಗೆ ಅಷ್ಟೆ. ಬೆಲೆ 10 ಡಾಲರ್. ಮೊದಲ ಸಲ ಅಚ್ಚಾದದ್ದು ಕೇವಲ 1000 ಪ್ರತಿ.

ಈ ಆಟದ ಸ್ವಾರಸ್ಯವೆಂದರೆ ಇದಕ್ಕೆ ಚದುರಂಗದಂಥ ಹಾಸೇ ಬೇಕಿಲ್ಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ, ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಕತ್ತಿವರಸೆಯ ಪ್ರವೀಣ. “ನೀವು ಹಾಳು ಗುಡಿಯ ಬಾಗಿಲು ತಳ್ಳಿದಿರಿ, ಒಳಗೆ ಕತ್ತಲು, ಯಾವುದೋ ಉಸಿರಾಡುವ ಸದ್ದು” ಎಂದು ಸೂತ್ರಧಾರ ಹೇಳುತ್ತಾನೆ. ಮುಂದೇನು ಮಾಡಬೇಕೆಂದು ಆಟಗಾರರು ಹೇಳುತ್ತಾರೆ. ಫಲಿತಾಂಶವನ್ನು ದಾಳ ನಿರ್ಧರಿಸುತ್ತದೆ. ಅದೂ ಸಾಮಾನ್ಯ ದಾಳವಲ್ಲ; ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ವಿಚಿತ್ರ ದಾಳಗಳು. ತಾಳಮದ್ದಲೆ ಕೇಳಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ.

ಕತ್ತಲಲ್ಲಿ ಉಸಿರಾಡುತ್ತಿರುವುದು ಏನು? ಆಟದ ಜೀವಾಳವೇ ಈ ಪ್ರಶ್ನೆ. ಪ್ರತಿ ವಾರ ಹೊಸ ಉತ್ತರ ಬೇಕು. ಅಷ್ಟೊಂದು ರಕ್ಕಸರನ್ನು ಎಲ್ಲಿಂದ ತರುವುದು? ಗೈಗ್ಯಾಕ್ಸ್ ನೇರವಾಗಿ ತಮ್ಮ ಪುಸ್ತಕದ ಕಪಾಟಿಗೆ ಕೈ ಹಾಕಿದರು.

ಸಾಲದ ಲೆಕ್ಕ

ಜ್ಯಾಕ್ ವಾನ್ಸ್ ಎಂಬ ಲೇಖಕರಿದ್ದರು. ಹಡಗಿನ ನಾವಿಕರಾಗಿ ದುಡಿಯುತ್ತ ಬರೆದವರು. 1950ರಲ್ಲಿ ಪ್ರಕಟವಾದ ಅವರ ‘ದಿ ಡೈಯಿಂಗ್ ಅರ್ತ್’ ಕಥೆಗಳಲ್ಲಿ ಸೂರ್ಯ ಇನ್ನೇನು ಆರಿಹೋಗಲಿರುವ ದೂರದ ಭವಿಷ್ಯದ ಭೂಮಿಯಿದೆ. ಅಲ್ಲಿನ ಮಾಂತ್ರಿಕರು ಮಂತ್ರಗಳನ್ನು ಕಷ್ಟಪಟ್ಟು ಬಾಯಿಪಾಠ ಮಾಡುತ್ತಾರೆ. ಒಮ್ಮೆ ಉಚ್ಚರಿಸಿದರೆ ಮುಗಿಯಿತು, ಮಂತ್ರ ಮನಸ್ಸಿನಿಂದ ಅಳಿಸಿಹೋಗುತ್ತದೆ. ಮತ್ತೆ ಪುಸ್ತಕ ತೆರೆದು ಉರು ಹೊಡೆಯಬೇಕು. ಗೈಗ್ಯಾಕ್ಸ್ ಈ ನಿಯಮವನ್ನು ಹಾಗೆಯೇ ತಮ್ಮ ಆಟಕ್ಕೆ ತಂದುಕೊಂಡರು. ಆಟದ ಲೋಕದಲ್ಲಿ ವೆಕ್ನಾ ಎಂಬ ಭಯಂಕರ ಮಾಂತ್ರಿಕನ ಹೆಸರಿದೆ. ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸಿದರೆ ವಾನ್ಸ್! ಗುರುವಿಗೆ ಶಿಷ್ಯರು ಕದ್ದುಮುಚ್ಚಿ ಮಾಡಿದ ನಮಸ್ಕಾರ.

ಕಡಿದರೂ ಸಾಯದ, ತುಂಡಾದ ಕೈ ತಾನೇ ತೆವಳಿ ಬಂದು ಮೈಗೆ ಅಂಟಿಕೊಳ್ಳುವ ‘ಟ್ರೋಲ್’ ಎಂಬ ಹಸುರು ರಕ್ಕಸ ಬಂದದ್ದು ಪೋಲ್ ಆಂಡರ್ಸನ್ ಅವರ ‘ಥ್ರೀ ಹಾರ್ಟ್ಸ್ ಅಂಡ್ ಥ್ರೀ ಲಯನ್ಸ್’ ಕಾದಂಬರಿಯಿಂದ. ರಕ್ತಬೀಜಾಸುರನ ಕಥೆ ಕೇಳಿ ಬೆಳೆದವರಿಗೆ ಇದೇನೂ ತೀರಾ ಹೊಸದೆನಿಸದು. ಟಾಲ್ಕಿನ್ ಅವರ ಕಾದಂಬರಿಗಳಿಂದ ಹಾಬಿಟ್, ಎಂಟ್, ಬಾಲ್‌ರಾಗ್‌ಗಳು ಹೆಸರಿನ ಸಮೇತ ಆಟದೊಳಕ್ಕೆ ನುಗ್ಗಿದ್ದವು. ಹಕ್ಕುದಾರರು ಆಕ್ಷೇಪಿಸಿದಾಗ ಹೆಸರುಗಳು ಬದಲಾದವು. ಹಾಬಿಟ್ ಹೋಗಿ ‘ಹಾಫ್‌ಲಿಂಗ್’ ಆಯಿತು, ಎಂಟ್ ಹೋಗಿ ‘ಟ್ರೀಯಂಟ್’ ಬಂತು.

ಇಷ್ಟೆಲ್ಲ ಸಾಲ ಮಾಡಿದವರು ಅದನ್ನು ಮುಚ್ಚಿಡಲಿಲ್ಲ ಎಂಬುದೇ ಇಲ್ಲಿನ ವಿಶೇಷ. 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಗ್ರಂಥದ ಕೊನೆಯಲ್ಲಿ ಗೈಗ್ಯಾಕ್ಸ್ ಒಂದು ಪಟ್ಟಿ ಕೊಟ್ಟರು. ‘ಅನುಬಂಧ ಎನ್’ ಎಂದು ಅದರ ತಲೆಬರಹ. ಆಟಕ್ಕೆ ಸ್ಫೂರ್ತಿಯಾದ ಮೂವತ್ತರ ಹತ್ತಿರ ಲೇಖಕರ ಹೆಸರುಗಳು ಅದರಲ್ಲಿವೆ. ರಾಬರ್ಟ್ ಹೋವರ್ಡ್, ಫ್ರಿಟ್ಜ್ ಲೈಬರ್, ಲವ್‌ಕ್ರಾಫ್ಟ್, ವಾನ್ಸ್, ಆಂಡರ್ಸನ್, ಟಾಲ್ಕಿನ್. ಲೀ ಬ್ರ್ಯಾಕೆಟ್, ಆಂಡ್ರೆ ನಾರ್ಟನ್, ಮಾರ್ಗರೆಟ್ ಸೇಂಟ್ ಕ್ಲೇರ್ ಎಂಬ ಮೂವರು ಲೇಖಕಿಯರು. ಆಟದ ನಿಯಮ ಹುಡುಕಲು ಪುಸ್ತಕ ತೆರೆದ ಹುಡುಗರು ಈ ಪುಟಕ್ಕೆ ಬಂದು, ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡು, ಗ್ರಂಥಾಲಯಗಳಿಗೆ ಹೋದರು. ಮರೆತೇಹೋಗಬಹುದಾಗಿದ್ದ ಎಷ್ಟೋ ಲೇಖಕರು ಈ ಒಂದು ಪಟ್ಟಿಯ ದೆಸೆಯಿಂದ ಇಂದಿಗೂ ಓದುಗರನ್ನು ಪಡೆಯುತ್ತಿದ್ದಾರೆ.

ಆದರೆ ಎಂಥ ಲೆಕ್ಕದ ಪುಸ್ತಕದಲ್ಲೂ ಬಿಟ್ಟುಹೋದ ಬಾಬತ್ತುಗಳಿರುತ್ತವೆ. ಆಟದ ಅತ್ಯಂತ ಪ್ರಸಿದ್ಧ ಮೃಗಗಳಲ್ಲೊಂದು ‘ಡಿಸ್‌ಪ್ಲೇಸರ್ ಬೀಸ್ಟ್’. ಕರಿ ಚಿರತೆಯಂಥ ಮೈ, ಆರು ಕಾಲು, ಭುಜದಿಂದ ಹೊರಟ ಎರಡು ಉದ್ದನೆಯ ಚಾವಟಿಯಂಥ ತೋಳು. ಅದು ನಿಂತಿರುವುದು ಒಂದೆಡೆ, ಕಣ್ಣಿಗೆ ಕಾಣುವುದು ಮೂರಡಿ ಆಚೆ! ಈ ಪ್ರಾಣಿಯ ಪೂರ್ವಜ ಕಾಣಿಸಿಕೊಂಡದ್ದು 1939ರ ಜುಲೈ ತಿಂಗಳ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಪತ್ರಿಕೆಯಲ್ಲಿ. ಕೆನಡಾದ ಎ. ಇ. ವ್ಯಾನ್ ವೋಟ್ ಬರೆದ, ಅವರ ಮೊಟ್ಟಮೊದಲ ಪ್ರಕಟಿತ ವೈಜ್ಞಾನಿಕ ಕಥೆ ‘ಬ್ಲ್ಯಾಕ್ ಡೆಸ್ಟ್ರಾಯರ್’. ಹಾಳುಬಿದ್ದ ಗ್ರಹವೊಂದರಲ್ಲಿ ಹಸಿದು ಅಲೆಯುತ್ತಿರುವ, ಬೆಕ್ಕಿನ ಜಾತಿಯ, ಭುಜಕ್ಕೆ ತೋಳುಗಳುಳ್ಳ ಬುದ್ಧಿವಂತ ಮೃಗ, ಅಲ್ಲಿಗಿಳಿದ ಮನುಷ್ಯರ ಆಕಾಶನೌಕೆಯನ್ನು ಹೊಕ್ಕುಬಿಡುವ ಕಥೆ. ಅನುಬಂಧದ ಪಟ್ಟಿಯಲ್ಲಿ ಹುಡುಕಿದರೆ ವ್ಯಾನ್ ವೋಟ್ ಹೆಸರು ಸಿಗುವುದಿಲ್ಲ.

ಆಟಿಕೆ ಚೀಲದಿಂದ ಎದ್ದ ಭೂತಗಳು

ಪುಸ್ತಕಗಳಷ್ಟೇ ಸಾಲಲಿಲ್ಲ. ಮೇಜಿನ ಮೇಲೆ ಇಡಲು ಗೊಂಬೆಗಳೂ ಬೇಕಿದ್ದವು. ಗೈಗ್ಯಾಕ್ಸ್‌ರ ಕೈಗೆ ಸಿಕ್ಕಿದ್ದು ಹಾಂಗ್‌ಕಾಂಗ್‌ನಲ್ಲಿ ತಯಾರಾದ ಒಂದು ಚೀಲ ಪ್ಲಾಸ್ಟಿಕ್ ಪ್ರಾಣಿಗಳು. ಹೆಸರಿಗೆ ಪ್ರಾಚೀನ ಪ್ರಾಣಿಗಳು. ಆದರೆ ಯಾವ ಪ್ರಾಣಿಶಾಸ್ತ್ರಜ್ಞನೂ ಗುರುತು ಹಿಡಿಯಲಾರದಂಥ ಆಕಾರಗಳು. ಒಂದರ ಬಾಲದ ತುದಿ ಫ್ಯಾನಿನ ರೆಕ್ಕೆಯಂತೆ. ಇನ್ನೊಂದರ ಬೆನ್ನು ಆಮೆಯ ಚಿಪ್ಪಿನಂತೆ. ಬೇರೆ ಯಾರಾದರೂ ಆಗಿದ್ದರೆ ಮಕ್ಕಳಿಗೆ ಕೊಟ್ಟು ಮರೆತುಬಿಡುತ್ತಿದ್ದರು. ಗೈಗ್ಯಾಕ್ಸ್ ಮತ್ತು ಗೆಳೆಯರು ‘ಇದು ಏನು ತಿಂದು ಬದುಕುತ್ತದೆ?’ ಎಂದು ಕೇಳಿಕೊಂಡರು.

ಫ್ಯಾನಿನ ಬಾಲದ ಪ್ರಾಣಿ ‘ರಸ್ಟ್ ಮಾನ್‌ಸ್ಟರ್’ ಆಯಿತು. ಅದು ಮನುಷ್ಯರನ್ನು ತಿನ್ನುವುದಿಲ್ಲ, ತುಕ್ಕು ತಿನ್ನುತ್ತದೆ! ಮೀಸೆ ತಾಗಿಸಿದರೆ ಸಾಕು, ಕತ್ತಿ, ಗುರಾಣಿ, ಕವಚಗಳೆಲ್ಲ ತುಕ್ಕು ಹಿಡಿದು ಉದುರುತ್ತವೆ. ಡ್ರ್ಯಾಗನ್ ಎದುರು ಎದೆಯೊಡ್ಡಿ ನಿಂತ ವೀರರು ಈ ಬಡಪ್ರಾಣಿಯನ್ನು ಕಂಡರೆ ಓಟ ಕೀಳುತ್ತಿದ್ದರಂತೆ. ಪ್ರಾಣ ಹೋದರೆ ಹೋಗಲಿ, ವರ್ಷಗಟ್ಟಲೆ ಆಡಿ ಸಂಪಾದಿಸಿದ ಕವಚ ಹೋದರೆ ಹೇಗೆ? ಗೂಬೆಯ ಮುಖದ ಕರಡಿ, ನೆಲದೊಳಗೆ ಈಜುವ ‘ಬುಲೆಟ್’ ಎಂಬ ಪ್ರಾಣಿ ಹುಟ್ಟಿದ್ದೂ ಇಂಥ ಆಟಿಕೆಗಳಿಂದಲೇ.

ಮೆದುಳು ತಿನ್ನುವ, ಬಾಯಿಯ ಜಾಗದಲ್ಲಿ ಅಷ್ಟಪದಿಯ ತೋಳುಗಳಿರುವ ‘ಮೈಂಡ್ ಫ್ಲೇಯರ್’ ಕಥೆ ಇನ್ನೂ ಮಜವಾಗಿದೆ. ಬ್ರಯಾನ್ ಲಮ್ಲಿ ಅವರ ‘ದಿ ಬರೋವರ್ಸ್ ಬಿನೀತ್’ ಕಾದಂಬರಿ 1974ರಲ್ಲಿ ಬಂದಾಗ ಅದರ ಮುಖಪುಟದ ಚಿತ್ರ ನೋಡಿಯೇ ತಮಗೆ ಈ ಕಲ್ಪನೆ ಹೊಳೆಯಿತೆಂದು ಗೈಗ್ಯಾಕ್ಸ್ ಹೇಳಿಕೊಂಡಿದ್ದಾರೆ. ಲೇಖಕರ ಮಾತು ಚಿತ್ರವಾಗುವುದು ಲೋಕರೂಢಿ. ಇಲ್ಲಿ ಚಿತ್ರವೇ ಮತ್ತೊಂದು ಮಾತಾಯಿತು.

ಮಸಿ ಮತ್ತು ಲೇಖನಿ

ಮಾತಿನಲ್ಲಿದ್ದ ರಕ್ಕಸರಿಗೆ ಮೈ ಕೊಟ್ಟವರು ಬೇರೆ. ಕೈಪಿಡಿಯ ಹೆಚ್ಚಿನ ಚಿತ್ರಗಳನ್ನು ಬರೆದವರು ಡೇವಿಡ್ ಸದರ್ಲೆಂಡ್ ಮತ್ತು ಡೇವಿಡ್ ಟ್ರ್ಯಾಂಪಿಯರ್ ಎಂಬ ಇಬ್ಬರು ತರುಣರು. ಸದರ್ಲೆಂಡ್ ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದಲ್ಲಿದ್ದು ಬಂದವರು. ಟ್ರ್ಯಾಂಪಿಯರ್‌ಗೆ ಆಗ 23 ವರ್ಷ. ಒಳಪುಟಗಳಲ್ಲಿ ಬಣ್ಣಕ್ಕೆ ಅವಕಾಶವಿಲ್ಲ. ಬಿಳಿ ಕಾಗದ, ಕಪ್ಪು ಮಸಿ, ಅಂಗೈಯಗಲದ ಜಾಗ. ಅಷ್ಟರಲ್ಲೇ ಪ್ರಾಣಿ ಎಷ್ಟು ದೊಡ್ಡದು, ಹೇಗೆ ನಡೆಯುತ್ತದೆ, ಎಲ್ಲಿ ಹಿಡಿದರೆ ಕಚ್ಚುತ್ತದೆ ಎಂಬುದೆಲ್ಲ ಆಟಗಾರನಿಗೆ ಒಂದೇ ನೋಟಕ್ಕೆ ತಿಳಿಯಬೇಕು.

ಲೇಖಕ ಬಿಟ್ಟ ಜಾಗವನ್ನು ಚಿತ್ರಕಾರ ತುಂಬುತ್ತಾನೆ. ತುಂಬಿದ್ದೇ ಮುಂದೆ ಶಾಸ್ತ್ರವಾಗುತ್ತದೆ. ಟಾಲ್ಕಿನ್ ಅವರ ಓರ್ಕ್‌ಗಳಿಗೆ ಹಂದಿಯ ಮೂತಿಯಿರಲಿಲ್ಲ. ಸದರ್ಲೆಂಡ್ ತಮ್ಮ ಓರ್ಕ್‌ಗಳಿಗೆ ಹಂದಿಯ ಮೂತಿ ಬರೆದರು. ಮುಂದಿನ ಪೀಳಿಗೆಯ ಜಪಾನೀ ವಿಡಿಯೋ ಆಟಗಳಲ್ಲಿ, ಚಿತ್ರಕಥೆಗಳಲ್ಲಿ ಓರ್ಕ್ ಎಂದರೆ ಹಂದಿಮೋರೆಯವನೇ ಎಂಬಷ್ಟು ಅದು ರೂಢಿಯಾಯಿತು. ಅದರ ಮೂಲ ಸದರ್ಲೆಂಡರ ಈ ಕಪ್ಪು ಬಿಳುಪು ಚಿತ್ರವೇ ಎಂಬುದು ಬಲ್ಲವರ ಎಣಿಕೆ.

ಇನ್ನು ಹುಲಿಮುಖದ ರಕ್ಕಸ. 1974ರ ಡಿಸೆಂಬರಿನಲ್ಲಿ ಅಮೆರಿಕದ ಟಿವಿಯಲ್ಲಿ ‘ಕೋಲ್‌ಚಾಕ್’ ಎಂಬ ಭಯಾನಕ ಧಾರಾವಾಹಿಯ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಭಾರತದಿಂದ ಬಂದ ರಾಕ್ಷಸನೊಬ್ಬ ತಾನು ಕೊಲ್ಲಬೇಕೆಂದವರ ಮುಂದೆ, ಅವರು ತುಂಬ ನಂಬಿದ ವ್ಯಕ್ತಿಯ ರೂಪದಲ್ಲಿ ಬಂದು ನಿಲ್ಲುತ್ತಾನೆ. ಅವನನ್ನು ಕೊಲ್ಲಲು ಮಂತ್ರಿಸಿದ ಬಾಣವೇ ಬೇಕು. ಗೈಗ್ಯಾಕ್ಸ್ ಈ ಕಂತಿನಿಂದಲೇ ತಮ್ಮ ರಾಕ್ಷಸನನ್ನು ಪಡೆದರು. ನಂಬಿದವರ ರೂಪ, ಮಂತ್ರಿಸಿದ ಬಾಣ, ಎರಡೂ ಕೈಪಿಡಿಗೆ ಬಂದವು. ಹುಲಿಯ ತಲೆ, ನಿಲುವಂಗಿ, ಪೈಪು ಇವಿಷ್ಟೂ ಟ್ರ್ಯಾಂಪಿಯರ್ ಲೇಖನಿಯ ಕೊಡುಗೆ. ಮುಂದಿನ ಆವೃತ್ತಿಗಳಲ್ಲಿ ಬೇರೆ ಬೇರೆ ಕಲಾವಿದರು ಈ ರಕ್ಕಸನನ್ನು ಬಣ್ಣದಲ್ಲಿ ಬರೆದರು, ಅಂಗೈಗಳು ಹಿಂದುಮುಂದಾಗಿರುತ್ತವೆ ಎಂಬ ಹೊಸ ಲಕ್ಷಣವನ್ನೂ ಸೇರಿಸಿದರು. ಹುಲಿಯ ತಲೆಯನ್ನು ಮಾತ್ರ ಬದಲಿಸಲು ಯಾರಿಗೂ ಮನಸ್ಸಾಗಲಿಲ್ಲ.

ಇದು ನಮ್ಮ ರಾಕ್ಷಸನಿಗೆ ಆದ ಅಪಚಾರವೇ? ಹೌದೆನ್ನುವವರೂ ಇರಬಹುದು. ಆದರೆ ಒಂದು ಮಾತು ನೆನಪಿಡಬೇಕು. ಟಿವಿ ನೋಡಿ ಕಲಿತದ್ದೇ ಆದರೂ ಆ ಅಮೆರಿಕನ್ನರು ರಾಕ್ಷಸನ ಮರ್ಮವನ್ನು ತಪ್ಪಾಗಿ ಹಿಡಿಯಲಿಲ್ಲ. ಆತ ಕಾಮರೂಪಿ. ಮಾರೀಚ ಹೊನ್ನ ಜಿಂಕೆಯಾಗಿ ಬಂದ. ರಾವಣ ಸಂನ್ಯಾಸಿಯಾಗಿ ಬಂದು ಭಿಕ್ಷೆ ಕೇಳಿದ. ರಾಕ್ಷಸನ ನಿಜವಾದ ಆಯುಧ ಕೋರೆಹಲ್ಲಲ್ಲ, ನಂಬಿಕೆ ಹುಟ್ಟಿಸುವ ಮುಖ. ಇನ್ನು ಹುಲಿತಲೆಯ ಮಾತು. ನಮ್ಮ ಯಕ್ಷಗಾನದ ಬಣ್ಣದ ವೇಷದ ಕಲಾವಿದರು ಚೌಕಿಯಲ್ಲಿ ಕುಳಿತು ಗಂಟೆಗಟ್ಟಲೆ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಇಡುತ್ತಾರಲ್ಲ, ಆ ಮುಖ ಯಾವ ಕಾವ್ಯದಲ್ಲಿ ಹಾಗೆಯೇ ವರ್ಣಿತವಾಗಿದೆ? ಕವಿ ‘ಘೋರರೂಪಿ’ ಎಂದು ಹೇಳಿ ಮುಂದೆ ಹೋಗುತ್ತಾನೆ. ಘೋರ ಎಂದರೆ ಎಷ್ಟು ಘೋರ, ಯಾವ ಬಣ್ಣದ ಘೋರ ಎಂದು ನಿರ್ಧರಿಸುವವನು ಕನ್ನಡಿ ಹಿಡಿದು ಕುಳಿತ ವೇಷಧಾರಿ.

ಕೊರಗಬೇಕಾದದ್ದು ಬೇರೆ ವಿಷಯಕ್ಕೆ. ಅನುಬಂಧದ ಆ ಪಟ್ಟಿಯಲ್ಲಿ ವ್ಯಾನ್ ವೋಟ್ ಇಲ್ಲದಂತೆ ವಾಲ್ಮೀಕಿಯೂ ಇಲ್ಲ, ವ್ಯಾಸರೂ ಇಲ್ಲ.

ಓದಿದವರೇ ಬರೆದರು

ಈ ಸಾಲದ ಸರಪಳಿ ಮುಂದಕ್ಕೂ ಬೆಳೆಯಿತು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಮೊದಲ ಕಾದಂಬರಿ ‘ಡೈಯಿಂಗ್ ಆಫ್ ದಿ ಲೈಟ್’ 1977ರಲ್ಲಿ ಬಂತು. ಅದರಲ್ಲಿ ‘ಗಿಥ್‌ಯಾಂಕಿ’ ಎಂಬ ಜೀವಿಗಳ ಹೆಸರು ಸುಳಿದುಹೋಗುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದ ಚಾರ್ಲ್ಸ್ ಸ್ಟ್ರಾಸ್ ಎಂಬ ಹದಿಹರೆಯದ ಹುಡುಗ ಆ ಹೆಸರನ್ನು ಹೆಕ್ಕಿಕೊಂಡು, ಮೈಂಡ್ ಫ್ಲೇಯರ್‌ಗಳ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಉಗ್ರ ಯೋಧರ ಒಂದು ಕುಲವನ್ನೇ ಸೃಷ್ಟಿಸಿ ‘ವೈಟ್ ಡ್ವಾರ್ಫ್’ ಪತ್ರಿಕೆಗೆ ಕಳಿಸಿದ. 1979ರಲ್ಲಿ ಅದು ಅಚ್ಚಾಯಿತು. 1981ರಲ್ಲಿ ‘ಫೀಂಡ್ ಫೋಲಿಯೋ’ ಎಂಬ ಎರಡನೆಯ ಕೈಪಿಡಿಯ ಮುಖಪುಟಕ್ಕೇ ಗಿಥ್‌ಯಾಂಕಿ ಏರಿತು. ಒಳಗೆ ರಸ್ ನಿಕಲ್ಸನ್ ತಮ್ಮ ಚೂಪು ಲೇಖನಿಯಿಂದ ಅದಕ್ಕೆ ಎಲುಬುಗೂಡಿನಂಥ ಮೈ ಕೊಟ್ಟರು.

ಆ ಹುಡುಗ ಮುಂದೆ ಹೆಸರಾಂತ ವೈಜ್ಞಾನಿಕ ಕಥೆಗಾರನಾಗಿ ಹ್ಯೂಗೋ ಪ್ರಶಸ್ತಿ ಗೆದ್ದ. ಮಾರ್ಟಿನ್ 1996ರಲ್ಲಿ ‘ಎ ಗೇಮ್ ಆಫ್ ಥ್ರೋನ್ಸ್’ ಬರೆದು ಜಗತ್ಪ್ರಸಿದ್ಧರಾದರು. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟವನ್ನು ಆಡಿದವರಿಗೆ ಮೈಂಡ್ ಫ್ಲೇಯರ್‌ಗಳೂ ಗೊತ್ತು, ಗಿಥ್‌ಯಾಂಕಿ ಯೋಧೆಯೂ ಗೊತ್ತು. ಒಂದು ಕಾದಂಬರಿಯ ಮುಖಪುಟ, ಇನ್ನೊಂದು ಕಾದಂಬರಿಯ ಒಂದು ಹೆಸರು, ಒಬ್ಬ ಶಾಲಾ ಹುಡುಗನ ಕಲ್ಪನೆ. ಮೂರೂ ಸೇರಿ ಸುಮಾರು ಅರ್ಧ ಶತಮಾನದ ಮೇಲೆ ಬೆಳ್ಳಿತೆರೆಯಷ್ಟು ವೈಭವದಲ್ಲಿ ಎದ್ದು ನಿಂತಿವೆ.

ಪ್ರಿಯ ಲೇಖಕರ ಋಣ ತೀರಿಸುವುದಕ್ಕೆ ಇನ್ನೊಂದು ದಾರಿಯನ್ನು ತೋರಿಸಿದವರು ವೇಯ್ನ್ ಬಾರ್ಲೋ. ತಂದೆ ತಾಯಿ ಇಬ್ಬರೂ ಹಕ್ಕಿ, ಹೂವು, ಕೀಟಗಳ ಚಿತ್ರ ಬರೆಯುವುದರಲ್ಲಿ ಪಳಗಿದವರು. ಮಗ 21ರ ಹರೆಯದಲ್ಲಿ, 1979ರಲ್ಲಿ, ಇತರರ ಸಹಕಾರದಿಂದ ಹೊರತಂದ ಪುಸ್ತಕದಲ್ಲಿ ವೈಜ್ಞಾನಿಕ ಕಥೆಗಳ ಐವತ್ತು ಅನ್ಯಗ್ರಹ ಜೀವಿಗಳನ್ನು, ಪಕ್ಷಿವೀಕ್ಷಕರ ಕೈಹೊತ್ತಿಗೆಯ ಮಾದರಿಯಲ್ಲಿ, ನಿಜವಾಗಿ ಎದುರಿಗೆ ಕೂರಿಸಿ ಬರೆದಂತೆ ಚಿತ್ರಿಸಿದ್ದಾರೆ. ಪ್ರತಿಯೊಂದಕ್ಕೂ ಅದು ಯಾವ ಕೃತಿಯದು, ಯಾರು ಬರೆದದ್ದು ಎಂಬ ವಿವರವಿದೆ.

ಅವುಗಳಲ್ಲೊಂದು ಹಾಲ್ ಕ್ಲೆಮೆಂಟ್ ಅವರ ‘ಮಿಷನ್ ಆಫ್ ಗ್ರ್ಯಾವಿಟಿ’ಯ ಮೆಸ್ಕ್ಲಿನ್ ಗ್ರಹವಾಸಿ. ಕ್ಲೆಮೆಂಟ್ ವೃತ್ತಿಯಿಂದ ಶಾಲೆಯ ವಿಜ್ಞಾನ ಮಾಸ್ತರರು. ಅವರ ಗ್ರಹದ ನಡುಭಾಗದಲ್ಲಿ ಗುರುತ್ವ ಭೂಮಿಯ ಮೂರು ಪಟ್ಟು, ಧ್ರುವಗಳಲ್ಲಿ ಸುಮಾರು ಏಳುನೂರು ಪಟ್ಟು! ಅಂಥ ಕಡೆ ಎತ್ತರದ ಪ್ರಾಣಿ ನಿಂತರೆ ನುಚ್ಚುನೂರಾದೀತು. ಆದ್ದರಿಂದ ಅಲ್ಲಿನವರು ಹದಿನೈದು ಅಂಗುಲದ, ನೆಲಕ್ಕಂಟಿ ನಡೆಯುವ ಶತಪದಿಗಳು. ಅರ್ಧ ಅಡಿ ಎತ್ತರವೂ ಅವರಿಗೆ ಪ್ರಾಣಭಯ. ರಕ್ಕಸನ ಚಿತ್ರ ಬರೆಯಲು ಹೊರಟ ಎಳೆಯರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ನಾಲ್ಕು ಕೊಂಬು, ಎಂಟು ಕಣ್ಣು, ಹತ್ತು ಬಾಲ ಅಂಟಿಸಿದರೆ ಭಯ ಹುಟ್ಟದು, ನಗು ಬಂದೀತು. ಅದು ಎಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಮೊದಲು ಕೇಳಬೇಕು. ಉತ್ತರ ಸಿಕ್ಕಮೇಲೆ ಕೊಂಬು ಬೇಕೋ ಬೇಡವೋ ಎಂಬುದು ತಾನೇ ಗೊತ್ತಾಗುತ್ತದೆ. ತುಕ್ಕು ತಿನ್ನುವ ಪ್ರಾಣಿ ಇಂದಿಗೂ ಬದುಕಿರುವುದು ತನ್ನ ಆಹಾರದಿಂದ, ತನ್ನ ಬಾಲದಿಂದಲ್ಲ.

ಟ್ಯಾಕ್ಸಿ ಚಾಲಕ

ಹುಲಿಮುಖಕ್ಕೆ ಪೈಪು ಹಚ್ಚಿದ ಟ್ರ್ಯಾಂಪಿಯರ್ ಏನಾದರು?

1978ರಲ್ಲಿ ಅವರು ಬರೆದ ಇನ್ನೊಂದು ಮುಖಪುಟ ಆಟದ ಲೋಕದಲ್ಲಿ ಮನೆಮಾತಾಯಿತು: ದೈತ್ಯಾಕಾರದ ವಿಗ್ರಹ, ಅದರ ಕಣ್ಣಿನ ರತ್ನವನ್ನು ಕೀಳುತ್ತಿರುವ ಕಳ್ಳರು. 1977ರಿಂದ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ‘ವರ್ಮಿ’ ಎಂಬ ಚಿತ್ರಕಥೆಯನ್ನು ಬರೆಯುತ್ತಿದ್ದರು. ಸಿಗಾರು ಸೇದುವ, ಬಿಲಿಯರ್ಡ್ಸ್ ಹುಚ್ಚಿನ ಒಂದು ಡ್ರ್ಯಾಗನ್ ಅದರ ನಾಯಕ. 1988ರ ಏಪ್ರಿಲ್ ಸಂಚಿಕೆಯ ನಂತರ, ಕಥೆ ಇನ್ನೂ ನಡುವಿನಲ್ಲಿರುವಾಗಲೇ, ಅದು ನಿಂತುಹೋಯಿತು. ಹೇಳದೆ ಕೇಳದೆ ಟ್ರ್ಯಾಂಪಿಯರ್ ಮರೆಯಾದರು. ತೀರಿಹೋದರೆಂದೇ ಎಷ್ಟೋ ಅಭಿಮಾನಿಗಳು ನಂಬಿದ್ದರು.

2002ರಲ್ಲಿ ಇಲಿನಾಯ್ ಸಂಸ್ಥಾನದ ಕಾರ್ಬನ್‌ಡೇಲ್ ಪಟ್ಟಣದ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯೊಂದು ರಾತ್ರಿ ಪಾಳಿಯ ಟ್ಯಾಕ್ಸಿ ಚಾಲಕರ ಬದುಕಿನ ಬಗ್ಗೆ ಲೇಖನ ಪ್ರಕಟಿಸಿತು. ಭಾವಚಿತ್ರದ ಕೆಳಗಿದ್ದ ಚಾಲಕರ ಹೆಸರು ಡೇವಿಡ್ ಟ್ರ್ಯಾಂಪಿಯರ್. ಸುದ್ದಿ ಹಬ್ಬಿತು. ಮತ್ತೆ ಚಿತ್ರ ಬರೆಯಿರೆಂದು ಕರೆಗಳು ಬಂದವು. ಅವರು ಒಪ್ಪಲಿಲ್ಲ. ಟ್ಯಾಕ್ಸಿ ಓಡಿಸುತ್ತಲೇ ಉಳಿದರು. ಕೊನೆಗೆ ಕೆಲಸ ಹೋಗಿ, ಕಾಯಿಲೆಯೂ ಅಡರಿದಾಗ, ಊರಿನಲ್ಲೇ ನಡೆಯಲಿದ್ದ ಆಟಗಾರರ ಸಮಾವೇಶದಲ್ಲಿ ತಮ್ಮ ಕೆಲವು ಮೂಲಚಿತ್ರಗಳನ್ನು ಪ್ರದರ್ಶನಕ್ಕಿಡಲು ಒಪ್ಪಿದರು. ಸಮಾವೇಶ 2014ರ ಏಪ್ರಿಲಿನಲ್ಲಿ. ಟ್ರ್ಯಾಂಪಿಯರ್ ತೀರಿಕೊಂಡದ್ದು ಅದೇ ಮಾರ್ಚ್ 24ರಂದು. ಅವರಿಗೆ 59 ವರ್ಷ. ಸದರ್ಲೆಂಡ್ 2005ರಲ್ಲೂ, ಗೈಗ್ಯಾಕ್ಸ್ 2008ರಲ್ಲೂ ಹೋಗಿದ್ದರು.

ಹುಲಿಮುಖದವನು ಮಾತ್ರ ಇದ್ದಾನೆ. ಅವನಿಗೆ ಮುಪ್ಪಿಲ್ಲ.

2023ರ ಆಗಸ್ಟಿನಲ್ಲಿ ಒಂದು ಸಣ್ಣ ಗದ್ದಲವಾಯಿತು. ಇದೇ ಆಟದ ಹೊಸ ಪುಸ್ತಕವೊಂದರಲ್ಲಿ, ದೈತ್ಯರ ಕೆಲವು ಚಿತ್ರಗಳ ತಯಾರಿಗೆ ಕೃತಕ ಬುದ್ಧಿಮತ್ತೆಯ ಯಂತ್ರದ ನೆರವು ಪಡೆಯಲಾಗಿದೆ ಎಂಬುದನ್ನು ಓದುಗರು ಪತ್ತೆ ಹಚ್ಚಿದರು. ಇನ್ನು ಮುಂದೆ ಕಲಾವಿದರು ಹಾಗೆ ಮಾಡಕೂಡದೆಂದು ಪ್ರಕಾಶಕರು ನಿಯಮ ಮಾಡಿದರು. ಯಂತ್ರ ಮಾಡಿದ್ದೇನು? ಸಾವಿರಾರು ಜನರ ಚಿತ್ರ ನುಂಗಿ ಹೊಸದೊಂದನ್ನು ಹೊರಹಾಕಿದ್ದು. ಹಾಗಾದರೆ ಗೈಗ್ಯಾಕ್ಸ್ ಮಾಡಿದ್ದೂ ಅದನ್ನೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸುಲಭದ್ದಲ್ಲ. ಆದರೆ ಒಂದು ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಬೂಟು ರಿಪೇರಿ ಮಾಡುತ್ತಿದ್ದ ಆ ಮನುಷ್ಯ, ಒಂದೆರಡು ಹೆಸರು ಬಿಟ್ಟುಹೋದರೂ, ಕೊನೆಗೆ ಕುಳಿತು ತನ್ನ ಸಾಲಗಾರರ ಪಟ್ಟಿ ಬರೆದ. ಓದಿದ್ದನ್ನು ಪ್ರೀತಿಸಿದವನಿಗೆ ಬರೆದವನ ಹೆಸರು ನೆನಪಿರುತ್ತದೆ. ಯಂತ್ರ ಅಂಥ ಪಟ್ಟಿಯನ್ನು ಬರೆಯುವುದಿಲ್ಲ.

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಹೋದವರೆಲ್ಲ ಮಹಿಷಾಸುರನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಕೈಯಲ್ಲಿ ಖಡ್ಗ, ಇನ್ನೊಂದು ಕೈಯಲ್ಲಿ ಹಾವು, ಗಿರಿಜಾ ಮೀಸೆ, ಬಣ್ಣಬಣ್ಣದ ಉಡುಪು. ಪುರಾಣದ ಮಹಿಷನಿಗೆ ಕೋಣನ ರೂಪ. ಆದರೆ ಕರ್ನಾಟಕದ ಮಕ್ಕಳಿಗೆ ಮಹಿಷಾಸುರ ಎಂದರೆ ಈ ಮೀಸೆಯವನೇ. ಆ ಮೀಸೆ ತಿರುವಿದ ಶಿಲ್ಪಿ ಯಾರೆಂದು ಫೋಟೋ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿ ಕೇಳುತ್ತಾರೆ? ಮುಂದಿನ ಸಲ ಹೋದಾಗ ಒಬ್ಬರಾದರೂ ಕೇಳಿದರೆ, ಕಾರ್ಬನ್‌ಡೇಲಿನ ಆ ಟ್ಯಾಕ್ಸಿ ಚಾಲಕನ ಋಣವೂ ಒಂದಿಷ್ಟು ಸಂದಂತೆ.